ಗೋದಾವರಿಯ ಆಚೆ: ಬಾಗಲಾಣದ ದಾರಿಗಳಲ್ಲಿ ಸೈಕಲ್ಲು ಮತ್ತು ಚರಿತ್ರೆ

ಕನ್ನಡನಾಡಿನ ಎಲ್ಲೆ ಯಾವುದು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಬಾಯಿಗೆ ಮೊದಲು ಬರುವುದು ಕವಿರಾಜಮಾರ್ಗ. ಒಂಬತ್ತನೆಯ ಶತಮಾನದ ಆ ಗ್ರಂಥ ಕಾವೇರಿಯಿಂದ ಗೋದಾವರಿಯವರೆಗಿನ ನಾಡು ಕನ್ನಡದ್ದು ಎನ್ನುತ್ತದೆ. ಪುಣೆ, ಮುಂಬಯಿ, ನಾಶಿಕಗಳಲ್ಲಿ ನೌಕರಿಗೆ ಬಂದು ನೆಲೆಸಿದ ನಮ್ಮಂಥವರಿಗೆ ಈ ಮಾತು ವಿಶೇಷ ಪ್ರೀತಿಯದು. ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಯಾರಾದರೊಬ್ಬರು ಇದನ್ನು ಹೇಳದೆ ಭಾಷಣ ಮುಗಿಯುವುದಿಲ್ಲ. ಬಾಡಿಗೆ ಮನೆಯಲ್ಲಿರುವವನಿಗೆ ಈ ಜಾಗ ಒಂದು ಕಾಲಕ್ಕೆ ನಿಮ್ಮ ಅಜ್ಜನದೇ ಆಗಿತ್ತು ಅಂದ ಹಾಗೆ ಅದು. ಮನಸ್ಸಿಗೆ ಹಿತ, ಕೈಗೆ ಕಾಗದಪತ್ರ ಮಾತ್ರ ಇಲ್ಲ.

ನಾಲ್ಕು ಚಳಿಗಾಲಗಳಿಂದ ನಾನು ಸೈಕಲ್ ತುಳಿಯುತ್ತಿರುವ ಪ್ರದೇಶ ಆ ಎಲ್ಲೆಯಿಂದ ಸ್ವಲ್ಪ ಆಚೆಗಿದೆ. ನಾಶಿಕ ಜಿಲ್ಲೆಯ ಉತ್ತರದ ಬಾಗಲಾಣ ತಾಲೂಕು, ಅದರ ಮುಖ್ಯ ಊರು ಸಟಾಣಾ, ನಾಶಿಕದಿಂದ ಸುಮಾರು 90 ಕಿಲೋಮೀಟರ್. ಅಲ್ಲಿಂದ ಪಶ್ಚಿಮಕ್ಕೆ ಹೋದರೆ ಸಾಲ್ಹೇರ, ಮುಲ್ಹೇರದ ಕೋಟೆಗಳು ಮತ್ತು ಗುಜರಾತಿನ ಡಾಂಗ್ ಕಾಡು. ಪೂರ್ವಕ್ಕೆ ಹೋದರೆ ಮಾಲೇಗಾಂವ, ಚಾಳೀಸಗಾಂವ ದಾಟಿ ಛತ್ರಪತಿ ಸಂಭಾಜಿನಗರ ಜಿಲ್ಲೆಯ ಘಟ್ಟಗಳು, ಕೊನೆಗೆ ಎಲ್ಲೋರಾ. ಈ ಎರಡೂ ಕಡೆಯ ದಾರಿಗಳಲ್ಲಿ ಚಾಲುಕ್ಯರಿಂದ ಸೇವುಣರವರೆಗೆ ನಮಗೆ ಗೊತ್ತಿರುವ ಹೆಸರುಗಳು ಮತ್ತೆ ಮತ್ತೆ ಎದುರಾಗುತ್ತವೆ. ಹಾಗೆ ಎದುರಾದ ಹೆಸರುಗಳನ್ನು ಏನು ಮಾಡಬೇಕು ಎಂಬುದೇ ಈ ಬರಹದ ಪ್ರಶ್ನೆ. ‘ನಮ್ಮದು’ ಎಂದು ಎತ್ತಿಕೊಂಡು ಬರುವುದೋ, ಅಥವಾ ಅಲ್ಲೇ ಬಿಟ್ಟು ಸಂಬಂಧವನ್ನಷ್ಟೇ ತಿಳಿದುಕೊಳ್ಳುವುದೋ?

ನೀರು ತಿರುಗುವ ಜಾಗ

ಕಾರಿನಲ್ಲಿ ಹೋಗುವವನಿಗೆ ತಿಳಿಯದ ಒಂದು ಸಂಗತಿ ಸೈಕಲ್ಲಿನವನ ತೊಡೆಗೆ ತಿಳಿಯುತ್ತದೆ: ನೀರು ಎಲ್ಲಿ ದಿಕ್ಕು ಬದಲಿಸುತ್ತದೆ ಎಂಬುದು. ನಾಶಿಕದಿಂದ ಮುಂಬಯಿ-ಆಗ್ರಾ ಹೆದ್ದಾರಿ ಹಿಡಿದು ದ್ರಾಕ್ಷಿ ತೋಟಗಳ ನಡುವೆ ಬಂದರೆ ಎದುರಿಗೆ ಗೋಡೆಯಂತೆ ನಿಲ್ಲುವುದು ಸಾತಮಾಳಾ ಬೆಟ್ಟಸಾಲು. ಅದರ ದಕ್ಷಿಣಕ್ಕೆ ಬಿದ್ದ ಮಳೆ ಗೋದಾವರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಉತ್ತರಕ್ಕೆ ಬಿದ್ದದ್ದು ಗಿರಣಾ ನದಿ ಸೇರಿ, ತಾಪಿಯಲ್ಲಿ ಬೆರೆತು ಸೂರತ್ತಿನ ಹತ್ತಿರ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಗೇರು ಇಳಿಸಿ, ಉಸಿರು ಬಿಗಿಹಿಡಿದು ಆ ಸಾಲನ್ನು ಏರಿ ಆಚೆ ಇಳಿದರೆ ಗಾಳಿ, ಮಣ್ಣು, ಮಾತು ಎಲ್ಲವೂ ಸ್ವಲ್ಪ ಬೇರೆ. ಇಲ್ಲಿಯ ಮರಾಠಿಯಲ್ಲಿ ಅಹಿರಾಣಿಯ ಒಗ್ಗರಣೆ ಇದೆ. ಖಾನದೇಶದ ಆ ಮಾತಿನಲ್ಲಿ ಗುಜರಾತಿಯ ನಂಟು ಕೇಳಿಸುತ್ತದೆ.

ಈ ಸಾಲಿನ ಬುಡದಲ್ಲೇ ಇರುವ ಚಾಂದವಡ ಸೇವುಣರ ಮೊದಲ ನೆಲೆಗಳಲ್ಲಿ ಒಂದು. ಶಾಸನಗಳಲ್ಲಿ ಬರುವ ಚಂದ್ರಾದಿತ್ಯಪುರ ಇದೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಆಮೇಲೆ ಅವರು ಸಿನ್ನರಕ್ಕೆ ಬಂದರು, ಹನ್ನೆರಡನೆಯ ಶತಮಾನದ ಕೊನೆಗೆ ಐದನೆಯ ಭಿಲ್ಲಮನ ಕಾಲದಲ್ಲಿ ದೇವಗಿರಿಗೆ ಹೋದರು. ಕಲ್ಯಾಣ ಚಾಲುಕ್ಯರ ಸಾಮಂತರಾಗಿ ಬೆಳೆದ ಈ ಮನೆತನದ ಶಾಸನಗಳು ಕನ್ನಡದಲ್ಲೂ ಇವೆ, ಸಂಸ್ಕೃತದಲ್ಲೂ ಇವೆ, ಮರಾಠಿಯಲ್ಲೂ ಇವೆ. ಅವರ ನಾಣ್ಯಗಳ ಮೇಲೆ ಕನ್ನಡ ಅಕ್ಷರಗಳಿವೆ. ಹಾಗಾದರೆ ಅವರು ಯಾರವರು? ಈ ಪ್ರಶ್ನೆಗೆ ಕಳೆದ ನೂರು ವರ್ಷಗಳಲ್ಲಿ ಎರಡೂ ಕಡೆಯವರು ಪುಟಗಟ್ಟಲೆ ಬರೆದಿದ್ದಾರೆ. ಚಾಂದವಡದ ಚಹಾದಂಗಡಿಯಲ್ಲಿ ಮಾತ್ರ ಆ ಪ್ರಶ್ನೆ ಯಾರಿಗೂ ಬಿದ್ದಂತಿಲ್ಲ. ಅಲ್ಲಿ ಈರುಳ್ಳಿಯ ದರದ್ದೇ ಮಾತು.

ದೇವಳಾ ದಾಟಿ ಸಟಾಣಾದ ಕಡೆ ಬರುವಾಗ ಗಿರಣಾ ನದಿಯ ದಡದಲ್ಲಿ ಲೋಹೋಣೇರ ಎಂಬ ಹಳ್ಳಿ ಸಿಗುತ್ತದೆ. ನೋಡುವುದಕ್ಕೆ ಈ ಕಡೆಯ ಯಾವುದೇ ಊರಿನಂತೆಯೇ ಇದೆ: ಈರುಳ್ಳಿ ಹೇರಿದ ಟ್ರ್ಯಾಕ್ಟರುಗಳು, ಗೊಬ್ಬರದಂಗಡಿ, ಬಸ್ ನಿಲ್ದಾಣ. ಆದರೆ ಬಾದಾಮಿಯ ಇಮ್ಮಡಿ ಪುಲಕೇಶಿಯ ಒಂದು ತಾಮ್ರಪಟಕ್ಕೆ ಈ ಊರಿನ ಹೆಸರಿದೆ. ಅದರ ಕಾಲ ಶಕ 552, ಅಂದರೆ ಕ್ರಿ.ಶ. 630. ಪುಲಕೇಶಿ ಹರ್ಷವರ್ಧನನನ್ನು ತಡೆದದ್ದು ಯಾವಾಗ ಎಂಬ ಚರ್ಚೆಯಲ್ಲಿ ಇತಿಹಾಸಕಾರರು ಐಹೊಳೆಯ ಶಾಸನದ ಜೊತೆಗೆ ಲೋಹೋಣೇರದ ಈ ಪಟವನ್ನೂ ಮುಂದಿಟ್ಟುಕೊಂಡು ವಾದಿಸುತ್ತಾರೆ. ಬಾದಾಮಿಯ ಅರಸನ ಕಾಲಗಣನೆಗೆ ಮಲಪ್ರಭೆಯ ದಡ ಎಷ್ಟು ಮುಖ್ಯವೋ ಗಿರಣಾದ ದಡವೂ ಅಷ್ಟೇ ಮುಖ್ಯ.

ಇದಕ್ಕೆ ಪ್ರತಿಯಾಗಿ ಇನ್ನೊಂದನ್ನೂ ನೆನೆಯಬೇಕು. 634-35ರ ಐಹೊಳೆ ಶಾಸನದಲ್ಲಿ ಕವಿ ರವಿಕೀರ್ತಿ ಪುಲಕೇಶಿ ಮೂರು ಮಹಾರಾಷ್ಟ್ರಕಗಳ, ಅಂದರೆ 99,000 ಹಳ್ಳಿಗಳ, ಒಡೆಯನಾದ ಎನ್ನುತ್ತಾನೆ. ‘ಮಹಾರಾಷ್ಟ್ರ’ ಎಂಬ ಹೆಸರಿನ ಹಳೆಯ ಉಲ್ಲೇಖಗಳಲ್ಲಿ ಒಂದು ಬಾಗಲಕೋಟೆ ಜಿಲ್ಲೆಯ ಗುಡಿಯ ಗೋಡೆಯ ಮೇಲಿದೆ. ಅವರ ಹೆಸರು ನಮ್ಮಲ್ಲಿ, ನಮ್ಮ ಅರಸನ ಪಟ ಅವರಲ್ಲಿ. ಪರಸ್ಪರರ ಬೀರುವಿನಲ್ಲಿ ಪರಸ್ಪರರ ಕಾಗದ.

ಎರಡು ಮಯೂರಖಂಡಿ

ಸಟಾಣಾದಿಂದ ನೈರುತ್ಯಕ್ಕೆ ಕಳವಣದ ಮೇಲೆ ಹೋದರೆ ಸಪ್ತಶೃಂಗಿ ಬೆಟ್ಟ. ದೇವಿಯ ದರ್ಶನಕ್ಕೆ ಲಕ್ಷಗಟ್ಟಲೆ ಜನ ಬರುವ ಆ ಬೆಟ್ಟದ ಎದುರಿಗೇ ಮಾರ್ಕಿಂಡಾ ಎಂಬ ಕೋಟೆಬೆಟ್ಟ ಇದೆ. ಮೋರ್ಖಂಡ ಎಂದೂ ಅದನ್ನು ಕರೆಯುವುದುಂಟು. ರಾಷ್ಟ್ರಕೂಟರ ಮುಮ್ಮಡಿ ಗೋವಿಂದ ಸುಮಾರು 808ರಲ್ಲಿ ಹೊರಡಿಸಿದ ತಾಮ್ರಶಾಸನವೊಂದು ಹತ್ತಿರದ ವಣಿಯಲ್ಲಿ ದೊರೆಯಿತು. ಅದನ್ನು ಹೊರಡಿಸಿದ್ದು ಮಯೂರಖಂಡಿಯಿಂದ. ಮಾನ್ಯಖೇಟಕ್ಕೆ ಹೋಗುವ ಮೊದಲು ರಾಷ್ಟ್ರಕೂಟರ ಒಂದು ನೆಲೆ ಮಯೂರಖಂಡಿಯಾಗಿತ್ತು. ಆದ್ದರಿಂದ ಮಯೂರಖಂಡಿ ಎಂದರೆ ಈ ಮಾರ್ಕಿಂಡಾವೇ ಎಂದು ಹಿಂದಿನ ವಿದ್ವಾಂಸರು ಗುರುತಿಸಿದರು. ಆದರೆ ಬೀದರ್ ಜಿಲ್ಲೆಯ ಬಸವಕಲ್ಯಾಣ ತಾಲೂಕಿನಲ್ಲಿ ಮೋರಖಂಡಿ ಎಂಬ ಊರಿದೆ. ಮಯೂರಖಂಡಿ ಅದೇ ಎನ್ನುವವರೂ ಇದ್ದಾರೆ.

ಇಂಥ ವಾದಗಳಲ್ಲಿ ನಮ್ಮ ಮನಸ್ಸು ಹೇಗೆ ಕೆಲಸ ಮಾಡುತ್ತದೆ ನೋಡಿ. ಕನ್ನಡಿಗನಿಗೆ ಬೀದರಿನ ಮೋರಖಂಡಿ ಸರಿ ಅನ್ನಿಸುತ್ತದೆ, ಮರಾಠಿಗನಿಗೆ ನಾಶಿಕದ್ದು. ಸಾಕ್ಷ್ಯ ನೋಡುವ ಮೊದಲೇ ತೀರ್ಪು ತಯಾರು. ಪ್ರಾಜೆಕ್ಟ್ ಮೀಟಿಂಗಿನಲ್ಲಿ ಇದೇ ರೋಗವನ್ನು ದಿನಾ ನೋಡುತ್ತೇನೆ. ತಪ್ಪು ಯಾವ ಟೀಮಿನದು ಎಂದು ಲಾಗ್ ತೆರೆಯುವ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ! ತಾಮ್ರಪಟ ಸಿಕ್ಕಿದ ಜಾಗ ಅರಸನ ನೆಲೆಯೇ ಆಗಬೇಕಿಲ್ಲ. ಪಟ ದಾನ ಪಡೆದವನ ಮನೆಯಲ್ಲಿ ಉಳಿಯುತ್ತದೆ, ಕೊಟ್ಟವನ ಅರಮನೆಯಲ್ಲಲ್ಲ. ಹೆಸರು ಹೋಲಿದ ಮಾತ್ರಕ್ಕೂ ಸಾಲದು, ಏಕೆಂದರೆ ನವಿಲು ಇಲ್ಲದ ಬೆಟ್ಟ ದಖನ್ನಿನಲ್ಲಿ ಎಷ್ಟಿದೆ? ಸಟಾಣಾದ ಪಕ್ಕದ ಮುಲ್ಹೇರಕ್ಕೂ ಸಂಸ್ಕೃತದಲ್ಲಿ ಮಯೂರಗಿರಿ ಎಂದೇ ಹೆಸರು.

ಸರದಿಯ ನೀರು

ಸಟಾಣಾ ಆರಮ ಎಂಬ ಸಣ್ಣ ನದಿಯ ದಡದಲ್ಲಿದೆ. ಊರಿನ ದೊಡ್ಡ ಗುಡಿ ಯಾವ ಪುರಾಣದ ದೇವರದೂ ಅಲ್ಲ, ಒಬ್ಬ ತಹಸೀಲ್ದಾರರದು. ಯಶವಂತ ಮಹಾದೇವ ಭೋಸೇಕರ ಎಂಬವರು ಇಲ್ಲಿ ಮಾಮಲೇದಾರರಾಗಿದ್ದರು. 1870ರ ಆಸುಪಾಸಿನ ಬರಗಾಲದಲ್ಲಿ ಸರಕಾರಿ ಖಜಾನೆ ತೆರೆದು ಹಸಿದವರಿಗೆ ಹಣ ಹಂಚಿದರು ಎಂದು ಜನ ಹೇಳುತ್ತಾರೆ. ಮೇಲಧಿಕಾರಿಗಳು ತಪಾಸಣೆಗೆ ಬಂದಾಗ ಖಜಾನೆಯ ಲೆಕ್ಕ ಕಾಸಿಗೆ ಕಾಸು ಸರಿಯಾಗಿತ್ತಂತೆ. ಅಂದಿನಿಂದ ಅವರು ‘ದೇವಮಾಮಲೇದಾರ’. ಪವಾಡವನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ಆದರೆ ಕಂದಾಯ ಇಲಾಖೆಯ ಅಧಿಕಾರಿಯೊಬ್ಬನಿಗೆ ಜನ ಗುಡಿ ಕಟ್ಟಿ ವರ್ಷಕ್ಕೊಮ್ಮೆ ಜಾತ್ರೆ ಮಾಡುತ್ತಾರೆಂದರೆ ಆ ಬರಗಾಲ ಎಂಥದಿದ್ದಿರಬೇಕು ಎಂದು ಊಹಿಸಬಹುದು.

ಬರಗಾಲದ ನಾಡಿನಲ್ಲಿ ನೀರಿಗೆ ಚರಿತ್ರೆ ಇರಲೇಬೇಕು. ಆರಮ, ಮೋಸಮ ಮತ್ತು ಪಕ್ಕದ ಧುಳೆ ಜಿಲ್ಲೆಯ ಪಾಂಝರಾ ನದಿಗಳ ದಡದ ಹಳ್ಳಿಗಳಲ್ಲಿ ‘ಫಡ್’ ಎಂಬ ನೀರಾವರಿ ಪದ್ಧತಿ ಮೂರು-ನಾಲ್ಕು ಶತಮಾನಗಳಿಂದ ನಡೆದು ಬಂದಿದೆ. ನದಿಗೆ ಅಡ್ಡಲಾಗಿ ಒಂದು ಗಿಡ್ಡ ಕಲ್ಲಿನ ಒಡ್ಡು, ಅದಕ್ಕೆ ಬಂಧಾರಾ ಎನ್ನುತ್ತಾರೆ. ಅದರಿಂದ ಒಂದು ಕಾಲುವೆ, ಕಾಲುವೆಯಿಂದ ಕವಲುಗಳು. ಒಡ್ಡಿನ ಕೆಳಗಿನ ಹೊಲವನ್ನೆಲ್ಲ ಮೂರು ಅಥವಾ ನಾಲ್ಕು ಭಾಗ ಮಾಡುತ್ತಾರೆ, ಒಂದೊಂದು ಭಾಗ ಒಂದೊಂದು ಫಡ್. ಒಂದು ಫಡ್‌ನಲ್ಲಿ ಆ ವರ್ಷ ಎಲ್ಲರೂ ಒಂದೇ ಬೆಳೆ ಹಾಕಬೇಕು, ಕಬ್ಬಾದರೆ ಕಬ್ಬು, ಗೋದಿಯಾದರೆ ಗೋದಿ. ಮರುವರ್ಷ ಸರದಿ ಬದಲಾಗುತ್ತದೆ. ಪ್ರತಿ ರೈತನಿಗೂ ಸಾಮಾನ್ಯವಾಗಿ ಎಲ್ಲ ಫಡ್‌ಗಳಲ್ಲೂ ಒಂದೊಂದು ತುಂಡು ಭೂಮಿ ಇರುತ್ತದೆ. ನೀರು ಬಿಡುವವನು ರೈತನಲ್ಲ, ಊರು ನೇಮಿಸಿದ ಪಾಟಕರಿ. ಕಾವಲಿಗೆ ಜಾಗಲ್ಯಾ. ವರ್ಷಕ್ಕೊಮ್ಮೆ ಕಾಲುವೆಯ ಹೂಳು ತೆಗೆಯುವುದು ಎಲ್ಲರ ಪಾಲಿನ ಕೆಲಸ.

ಇದರ ಜಾಣತನ ನಿಧಾನವಾಗಿ ಹೊಳೆಯುತ್ತದೆ. ಕಾಲುವೆಯ ಬಾಯಲ್ಲಿ ಇರುವವನಿಗೆ ಸಮೃದ್ಧಿ, ಬಾಲದಲ್ಲಿ ಇರುವವನಿಗೆ ಕಣ್ಣೀರು, ಇದು ತುಂಗಭದ್ರೆಯ ಕಾಲುವೆಯಿಂದ ಹಿಡಿದು ಎಲ್ಲ ಕಡೆಯ ಕತೆ. ಫಡ್‌ನಲ್ಲಿ ಪ್ರತಿಯೊಬ್ಬನೂ ಒಂದು ತುಂಡಿಗೆ ಬಾಯಲ್ಲಿದ್ದರೆ ಇನ್ನೊಂದು ತುಂಡಿಗೆ ಬಾಲದಲ್ಲಿ. ಆದ್ದರಿಂದ ಬಾಲಕ್ಕೆ ನೀರು ಮುಟ್ಟುವುದು ಎಲ್ಲರಿಗೂ ಬೇಕು. ಒಳ್ಳೆಯತನದ ಮೇಲೆ ಭರವಸೆ ಇಡದೆ ಭೂಮಿಯ ಹಂಚಿಕೆಯಲ್ಲೇ ನ್ಯಾಯವನ್ನು ಹೆಣೆದ ವ್ಯವಸ್ಥೆ ಇದು. ಯಾರು ಮೊದಲು ಕಟ್ಟಿದರೆಂದು ಹೇಳುವ ತಾಮ್ರಪಟ ಇಲ್ಲ, ಯಾವ ಭಾಷೆಯವರೂ ಇದಕ್ಕಾಗಿ ಜಗಳವಾಡಿಲ್ಲ. ಆರಮ ನದಿಗೆ ಕೇಳಝರದಲ್ಲಿ, ಮೋಸಮಕ್ಕೆ ಹರಣಬಾರಿಯಲ್ಲಿ ಅಣೆಕಟ್ಟು ಬಂದಿವೆ, ಹೊಲಹೊಲಕ್ಕೆ ಬಾವಿ ಪಂಪುಗಳಾಗಿವೆ, ದಾಳಿಂಬೆಗೆ ಹನಿ ನೀರಾವರಿ ಇದೆ. ಹಳೆಯ ಬಂಧಾರಾಗಳಲ್ಲಿ ಎಷ್ಟೋ ಈಗ ಬಟ್ಟೆ ಒಗೆಯುವ ಕಲ್ಲುಗಳಷ್ಟೇ.

ಬಾರಿ ಮತ್ತು ಕೋಟೆ

ಸಟಾಣಾದಿಂದ ವಿಂಚೂರ-ಪ್ರಕಾಶಾ ಹೆದ್ದಾರಿಯಲ್ಲಿ ತಾಹರಾಬಾದದವರೆಗೆ ಬಂದು ಎಡಕ್ಕೆ ತಿರುಗಿದರೆ ಮೋಸಮ ಕಣಿವೆಯ ಮುಲ್ಹೇರದ ದಾರಿ. ಸೈಕಲ್ಲಿನವರಿಗೆ ಇದಕ್ಕಿಂತ ಒಳ್ಳೆಯ ರಸ್ತೆ ಈ ಕಡೆ ಇಲ್ಲ. ಎರಡು ಕಡೆ ಬೆಟ್ಟ, ನಡುವೆ ಈರುಳ್ಳಿ, ಮೆಕ್ಕೆಜೋಳ, ದಾಳಿಂಬೆ. ಏರು ಗೊತ್ತಾಗದಷ್ಟು ಮೆಲ್ಲಗೆ ಏರುತ್ತದೆ. ಬಲಕ್ಕೆ ಸೇಲಬಾರಿ ಸಾಲು, ಎಡಕ್ಕೆ ಡೋಲಬಾರಿ ಸಾಲು. ಬಾರಿ ಎಂದರೆ ಇಲ್ಲಿ ಬೆಟ್ಟ ದಾಟುವ ಕಂಡಿ. ಬೆಟ್ಟಸಾಲುಗಳಿಗೇ ಕಂಡಿಯ ಹೆಸರು ಬಂದಿದೆ ಎಂದರೆ ಬೆಟ್ಟಕ್ಕಿಂತ ದಾಟುವ ದಾರಿಯೇ ಜನಕ್ಕೆ ಮುಖ್ಯವಾಗಿತ್ತು ಎಂದರ್ಥ.

ಯಾಕೆ ಮುಖ್ಯ ಎಂದು ನಕಾಶೆ ಹೇಳುತ್ತದೆ. ಪಶ್ಚಿಮಕ್ಕೆ ಸೂರತ್ ಬಂದರು, ಪೂರ್ವಕ್ಕೆ ಬುರ್ಹಾನಪುರ, ದಕ್ಷಿಣಕ್ಕೆ ದೇವಗಿರಿ. ಮೂರರ ನಡುವಿನ ಮೂಲೆಯಲ್ಲಿ ಬಾಗಲಾಣ. ಇಲ್ಲಿ ಬಾಗುಲ ಮನೆತನದ ಅರಸರು ಮುಲ್ಹೇರದಲ್ಲಿ ಕೂತು ಈ ಕಂಡಿಗಳನ್ನು ಕಾಯುತ್ತಿದ್ದರು. ಐನ್-ಎ-ಅಕ್ಬರಿಯಲ್ಲಿ ಅಬುಲ್ ಫಜಲ್ ಇದನ್ನು ಬೆಟ್ಟಗಳ ನಡುವಿನ ಜನಭರಿತ ನಾಡು ಎನ್ನುತ್ತಾನೆ. ಏಳು ಕೋಟೆಗಳಿವೆ, ಮುಲ್ಹೇರ ಮತ್ತು ಸಾಲ್ಹೇರ ಅಸಾಧಾರಣ ಗಟ್ಟಿ ಎಂದು ಬರೆದು, ಇಲ್ಲಿಯ ದ್ರಾಕ್ಷಿ, ದಾಳಿಂಬೆಗಳನ್ನು ಹೊಗಳುತ್ತಾನೆ. 1610ರ ಸುಮಾರಿಗೆ ಸೂರತ್ತಿನಿಂದ ಹೊರಟ ಇಂಗ್ಲಿಷ್ ವ್ಯಾಪಾರಿ ವಿಲಿಯಂ ಫಿಂಚ್ ಇಲ್ಲಿ ಮಹಮೂದಿ ಎಂಬ ಬೆಳ್ಳಿ ನಾಣ್ಯ ಟಂಕಿಸುತ್ತಿದ್ದುದನ್ನು ದಾಖಲಿಸಿದ್ದಾನೆ. ದಾಳಿಂಬೆಯ ನಾಡು ಇಂದಿಗೂ ದಾಳಿಂಬೆಯದೇ. ನಾಣ್ಯ ಟಂಕಿಸುತ್ತಿದ್ದ ಊರು ಮಾತ್ರ ಕೋಟೆಯ ಕೆಳಗೆ ಸುಮ್ಮನೆ ಮಲಗಿದೆ.

ಕನ್ನಡಿಗರಿಗೆ ಇಲ್ಲೊಂದು ಕುತೂಹಲದ ಎಳೆ ಇದೆ. 1596ರಲ್ಲಿ ಮುಲ್ಹೇರದ ನಾರಾಯಣ ಶಹನ ಆಸ್ಥಾನದಲ್ಲಿ ರುದ್ರಕವಿ ಎಂಬವನು ಇಪ್ಪತ್ತು ಸರ್ಗಗಳ ಸಂಸ್ಕೃತ ಕಾವ್ಯ ಬರೆದ. ಹೆಸರು ‘ರಾಷ್ಟ್ರೌಢವಂಶ ಮಹಾಕಾವ್ಯ’. ಬಾಗುಲರ ಮೂಲಪುರುಷ ಕನೋಜದ ರಾಷ್ಟ್ರೌಢ ಎಂದು ಅದು ಹೇಳುತ್ತದೆ. ರಾಷ್ಟ್ರೌಢ, ರಾಠೋಡ, ರಾಷ್ಟ್ರಕೂಟ, ಕೇಳಿದೊಡನೆ ಕಿವಿ ನಿಮಿರುವ ಹೆಸರುಗಳು. ಮಾನ್ಯಖೇಟದ ಅರಸರ ಒಂದು ಕವಲು ಇಲ್ಲಿ ಉಳಿದಿತ್ತು ಎಂದು ಹೇಳಿಬಿಡಲು ನಾಲಿಗೆ ತುದಿಗಾಲಲ್ಲಿ ನಿಲ್ಲುತ್ತದೆ. ಆದರೆ ಕಾವ್ಯ ಬೆರಳು ತೋರಿಸುವುದು ಉತ್ತರದ ಕನೋಜದ ಕಡೆಗೆ, ಮಳಖೇಡದ ಕಡೆಗಲ್ಲ. ಹದಿನಾರನೆಯ ಶತಮಾನದ ಕೊನೆಗೆ ಮುಲ್ಹೇರದ ಅರಸನಿಗೆ ಮೊಗಲ್ ದರಬಾರಿನ ರಾಜಪೂತರ ಸಾಲಿನಲ್ಲಿ ಕೂರುವುದು ಬೇಕಿತ್ತು. ಅದಕ್ಕೆ ತಕ್ಕ ವಂಶಾವಳಿ ತಯಾರಾಯಿತು. ಇದೇ ರುದ್ರಕವಿ ಮುಂದೆ ಮೊಗಲ್ ಸೇನಾಪತಿ ಖಾನ್ ಖಾನಾನನ ಮೇಲೂ, ಜಹಾಂಗೀರನ ಮೇಲೂ ಸಂಸ್ಕೃತದಲ್ಲಿ ಪ್ರಶಸ್ತಿ ಬರೆದ. ಸಣ್ಣ ರಾಜ್ಯ ದೊಡ್ಡ ನೆರೆಯವರ ನಡುವೆ ಬದುಕುವ ಬಗೆ ಅದು. ಆದರೂ ರಾಜ್ಯ ಉಳಿಯಲಿಲ್ಲ. ದಖನ್ನಿನ ಸುಬೇದಾರನಾಗಿದ್ದ ಯುವರಾಜ ಔರಂಗಜೇಬ 1638ರಲ್ಲಿ ಮುಲ್ಹೇರವನ್ನು ಹಿಡಿದ. ಕೊನೆಯ ಅರಸ ಬಹಿರ್ಜಿ ಶರಣಾದ.

ಮುಲ್ಹೇರದಿಂದ ಮುಂದೆ ಸಾಲ್ಹೇರದ ಬುಡದವರೆಗೆ ಮಾತ್ರ ಸೈಕಲ್ಲು, ಮೇಲಕ್ಕೆ ಕಾಲು. 1567 ಮೀಟರ್ ಎತ್ತರದ ಸಾಲ್ಹೇರ ಮಹಾರಾಷ್ಟ್ರದಲ್ಲಿ ಕಳಸೂಬಾಯಿಯ ನಂತರದ ಅತಿ ಎತ್ತರದ ಶಿಖರ. ಇಲ್ಲಿಯ ಕೋಟೆಯೇ ರಾಜ್ಯದ ಅತಿ ಎತ್ತರದ ಕೋಟೆ. 1670ರಲ್ಲಿ ಎರಡನೆಯ ಸಲ ಸೂರತ್ ಲೂಟಿ ಮಾಡಿದ ಶಿವಾಜಿ ಹಿಂತಿರುಗಿದ್ದು ಬಾಗಲಾಣದ ಮೇಲೆಯೇ. ದಾರಿಯ ಬೆಲೆ ಗೊತ್ತಿದ್ದ ಅವನು 1671ರಲ್ಲಿ ಸಾಲ್ಹೇರವನ್ನೇ ಗೆದ್ದುಕೊಂಡ. ಮರಳಿ ಪಡೆಯಲು ಬಂದ ಮೊಗಲ್ ಸೈನ್ಯವನ್ನು 1672ರ ಫೆಬ್ರವರಿಯಲ್ಲಿ ಮೋರೋಪಂತ ಪಿಂಗಳೆ ಮತ್ತು ಪ್ರತಾಪರಾವ್ ಗುಜರ್ ಬಯಲಿನಲ್ಲೇ ಸೋಲಿಸಿದರು. ಸೂರ್ಯಾಜಿ ಕಾಕಡೆ ಅಲ್ಲಿ ಮಡಿದ. ಬೆಟ್ಟದ ಮರೆಯಿಂದ ಹೊಡೆದು ಓಡುವವರು ಎಂದು ಮೊಗಲರು ತಿಳಿದಿದ್ದ ಮರಾಠರು ಎದುರುಬದುರು ನಿಂತು ಗೆದ್ದ ಮೊದಲ ದೊಡ್ಡ ಕಾಳಗ ಅದು. 2025ರ ಜುಲೈಯಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಹನ್ನೆರಡು ಮರಾಠಾ ಕೋಟೆಗಳಲ್ಲಿ ಸಾಲ್ಹೇರವೂ ಒಂದು.

ಸಂತೋಷದ ವಿಷಯವೇ. ಆದರೆ ಕೋಟೆಯ ಆಯುಷ್ಯದಲ್ಲಿ ಮರಾಠರ ಕಾಲ ಒಂದು ಪುಟ. ಬಾಗುಲರದು ಅದಕ್ಕಿಂತ ಉದ್ದದ ಪುಟ. ಅದಕ್ಕೂ ಮೊದಲಿಂದ ಈ ಬೆಟ್ಟಗಳಲ್ಲಿ ಇದ್ದವರು ಕೋಕಣಾ ಮತ್ತು ಭಿಲ್ಲ ಜನ. ಮಾರ್ಗಶಿರದ ಹುಣ್ಣಿಮೆಗೆ ಅವರು ಡೋಂಗರ‍್ಯಾ ದೇವನ ಹಬ್ಬ ಮಾಡುತ್ತಾರೆ. ಡೋಂಗರ್ ಎಂದರೆ ಬೆಟ್ಟ, ಬೆಟ್ಟವೇ ಅವರ ದೇವರು. ಯಾವ ಅರಸನ ಕಾವ್ಯದಲ್ಲೂ ಅವರ ಹೆಸರಿಲ್ಲ. ಕೋಟೆಗೆ ಕಲ್ಲು ಹೊತ್ತವರು ಯಾರು ಎಂದು ಮಾತ್ರ ಕೇಳಬೇಕಿಲ್ಲ.

ತಾಹರಾಬಾದದ ಕಡೆ ಮರಳುವಾಗ ಕಾಣುವ ಜೋಡಿ ಶಿಖರಗಳು ಮಾಂಗೀ-ತುಂಗೀ, ಜೈನರ ಸಿದ್ಧಕ್ಷೇತ್ರ. ಇಲ್ಲಿ ಬೆಟ್ಟದ ಬಂಡೆಯಲ್ಲೇ ಕಡೆದ 108 ಅಡಿಯ ವೃಷಭನಾಥನ ವಿಗ್ರಹಕ್ಕೆ 2016ರಲ್ಲಿ ಪ್ರತಿಷ್ಠೆ ಆಯಿತು. ಶ್ರವಣಬೆಳಗೊಳದ ಬಾಹುಬಲಿ ಇದೇ ವೃಷಭನಾಥನ ಮಗ. ಮಗ ಹಾಸನ ಜಿಲ್ಲೆಯಲ್ಲಿ ಸಾವಿರ ವರ್ಷದಿಂದ ನಿಂತಿದ್ದಾನೆ, ತಂದೆ ಬಾಗಲಾಣಕ್ಕೆ ಮೊನ್ನೆ ಮೊನ್ನೆ ಬಂದ.

ಭಾಸ್ಕರ ಯಾವ ಊರಿನವನು?

ಪೂರ್ವದ ದಾರಿ ಇಷ್ಟು ಚೆಂದವಿಲ್ಲ. ಮಾಲೇಗಾಂವದಿಂದ ಚಾಳೀಸಗಾಂವದವರೆಗೆ ಲಾರಿಗಳ ಜೊತೆ ಬಯಲಿನಲ್ಲಿ ತುಳಿಯಬೇಕು. ಆಮೇಲೆ ದಕ್ಷಿಣಕ್ಕೆ ಮತ್ತೆ ಅದೇ ಸಾತಮಾಳಾ-ಅಜಂತಾ ಸಾಲು, ಅದರ ಮೇಲೆ ಗೌತಾಳಾ ಔಟ್ರಮ್‌ಘಾಟ್ ಅಭಯಾರಣ್ಯ. ಬೆಟ್ಟದ ಬುಡದಲ್ಲಿ ಪಾಟಣೆ ಎಂಬ ಪಾಳುಬಿದ್ದ ಪಟ್ಟಣ ಮತ್ತು ಪಾಟಣಾದೇವಿಯ ಗುಡಿ.

ಗಣಿತ ಓದಿದ ಯಾರೇ ಆಗಲಿ ಇಲ್ಲಿ ಸೈಕಲ್ ನಿಲ್ಲಿಸಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿಯ ಡಾ. ಭಾವು ದಾಜಿ ಇಲ್ಲಿ ಒಂದು ಶಾಸನವನ್ನು ಗುರುತಿಸಿದರು. 1207ರ ಆ ಶಾಸನದ ಪ್ರಕಾರ ಸೇವುಣ ಅರಸ ಸಿಂಘಣನ ಮುಖ್ಯ ಜ್ಯೋತಿಷಿ ಚಾಂಗದೇವ ತನ್ನ ಅಜ್ಜ ಭಾಸ್ಕರಾಚಾರ್ಯನ ಗ್ರಂಥಗಳನ್ನು ಕಲಿಸಲು ಇಲ್ಲೊಂದು ಮಠ ಸ್ಥಾಪಿಸಿದ. ಲೀಲಾವತಿಯ ಭಾಸ್ಕರ, ಸಿದ್ಧಾಂತಶಿರೋಮಣಿಯ ಭಾಸ್ಕರ, 1114ರಲ್ಲಿ ಹುಟ್ಟಿದವನು.

ಭಾಸ್ಕರ ತನ್ನ ಊರನ್ನು ಸಹ್ಯಾದ್ರಿಯ ಆಶ್ರಯದ ವಿಜ್ಜಡವಿಡ ಎಂದು ಹೇಳಿಕೊಂಡಿದ್ದಾನೆ. ವಿಜ್ಜಡವಿಡ ಎಂದರೆ ವಿಜಾಪುರ ಎಂದು ನಮ್ಮ ಪಠ್ಯಪುಸ್ತಕಗಳಿಂದ ಹಿಡಿದು ವಾಟ್ಸಾಪಿನವರೆಗೆ ಓದುತ್ತಲೇ ಬಂದಿದ್ದೇವೆ. ಮಹಾರಾಷ್ಟ್ರದವರು ಅದು ಪಾಟಣೆಯ ಆಸುಪಾಸಿನದು ಎನ್ನುತ್ತಾರೆ. ಶಾಸನ ಏನು ಹೇಳುತ್ತದೆ ನೋಡೋಣ. ಮೊಮ್ಮಗ ಇಲ್ಲಿ ಮಠ ಕಟ್ಟಿದ ಎಂಬುದರಿಂದಷ್ಟೇ ಅಜ್ಜನ ಊರು ಸಿದ್ಧವಾಗದು. ಆದರೆ ಭಾಸ್ಕರನ ಮಗ ಲಕ್ಷ್ಮೀಧರನನ್ನು ಅರಸ ಜೈತ್ರಪಾಲ ಈ ಊರಿನಿಂದಲೇ ಕರೆದೊಯ್ದು ಪಂಡಿತರ ಮುಖ್ಯಸ್ಥನನ್ನಾಗಿ ಮಾಡಿದ ಎಂದು ಅದೇ ಶಾಸನದಲ್ಲಿದೆ. ಮಗ ಇಲ್ಲಿದ್ದ, ಮೊಮ್ಮಗ ಇಲ್ಲಿ ಮಠ ಕಟ್ಟಿದ, ಬೆನ್ನಿಗೆ ಸಹ್ಯಾದ್ರಿಯ ಕವಲು ಇದೆ. ಬಯಲುಸೀಮೆಯ ವಿಜಾಪುರಕ್ಕೆ ಹೆಸರಿನ ಹೋಲಿಕೆ ಇದೆ, ಇಂಥ ಕುಟುಂಬದ ಸಾಕ್ಷ್ಯ ಇಲ್ಲ. ನನಗೆ ತೂಕ ಪಾಟಣೆಯ ಕಡೆ ಹೆಚ್ಚು ಕಾಣುತ್ತದೆ. ಹೀಗೆಂದರೆ ಕನ್ನಡದ ಗೆಳೆಯರಿಗೆ ಬೇಸರ ಎಂದು ಗೊತ್ತು. ಆದರೆ ಲೀಲಾವತಿಯ ಲೆಕ್ಕ ವಿಜಾಪುರದಲ್ಲಿ ಮಾಡಿದರೂ ಪಾಟಣೆಯಲ್ಲಿ ಮಾಡಿದರೂ ಉತ್ತರ ಒಂದೇ ಬರುತ್ತದೆ.

ನನ್ನ ಮನಸ್ಸು ಹಿಡಿದದ್ದು ಶಾಸನದ ಕೊನೆಯ ಭಾಗ. ಮೇಲಿನದೆಲ್ಲ ಬಿಗಿಯಾದ ಸಂಸ್ಕೃತ. ಕೊನೆಗೆ ಮಠಕ್ಕೆ ಯಾರು ಏನು ಕೊಡಬೇಕು ಎಂಬ ಪಟ್ಟಿ ಬರುವಾಗ ಭಾಷೆ ಹಳೆಯ ಮರಾಠಿಗೆ ತಿರುಗುತ್ತದೆ. ಸಂತೆಯ ಸುಂಕದಲ್ಲಿ ಇಷ್ಟು ಪಾಲು, ಗಾಣದ ಎಣ್ಣೆಯಲ್ಲಿ ಇಷ್ಟು ಪಾಲು. ದಾನಕ್ಕೆ ನಿಂತವರು ಸೇವುಣರ ಸಾಮಂತರಾದ ನಿಕುಂಭ ಮನೆತನದ ಸೋಯಿದೇವ ಮತ್ತು ಹೇಮಾಡಿದೇವ. ದೇವಗಿರಿಯ ಅರಸ, ಕನ್ನಡ ಅಕ್ಷರದ ನಾಣ್ಯ, ಸಂಸ್ಕೃತದ ಖಗೋಳಶಾಸ್ತ್ರ, ಮರಾಠಿಯ ಸಂತೆ, ಎಲ್ಲ ಸೇರಿ ಒಂದು ಪಾಠಶಾಲೆ ನಡೆಯಿತು. ಇದರಲ್ಲಿ ಒಂದನ್ನು ತೆಗೆದು ಉಳಿದದ್ದು ನಮ್ಮದು ಎನ್ನಲು ಬರುವುದಿಲ್ಲ. ದೀಪದ ಎಣ್ಣೆ ಗಾಣಿಗನದು.

ಕನ್ನಡ ಎಂಬ ಊರು

ಚಾಳೀಸಗಾಂವದಿಂದ ಘಟ್ಟ ಏರಿದರೆ ಎದುರಾಗುವ ತಾಲೂಕು ಕೇಂದ್ರದ ಹೆಸರು ಕನ್ನಡ! ಮರಾಠಿಯಲ್ಲಿ ನಮ್ಮ ಭಾಷೆಯ ಹೆಸರನ್ನು ಹೇಗೆ ಬರೆಯುತ್ತಾರೋ ಈ ಊರಿನ ಹೆಸರನ್ನೂ ಹಾಗೆಯೇ ಬರೆಯುತ್ತಾರೆ. ಇಲ್ಲಿಯ ಫಲಕದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದ ಕನ್ನಡಿಗ ಇರಲಾರ.

ಮಹಾರಾಷ್ಟ್ರದ ಊರ ಹೆಸರುಗಳಲ್ಲಿ, ಮರಾಠಿಯ ಪದಗಳಲ್ಲಿ ಹುದುಗಿರುವ ಕನ್ನಡವನ್ನು ಶಂ. ಬಾ. ಜೋಶಿಯವರು ಜೀವಮಾನವಿಡೀ ಹುಡುಕಿದರು. ‘ಕಣ್ಮರೆಯಾದ ಕನ್ನಡ’ ಎಂಬ ಅವರ ಪುಸ್ತಕದ ಹೆಸರೇ ಒಂದು ವಾದ. ಅವರು ಕೇಳಿದ ಪ್ರಶ್ನೆಗಳು ದೊಡ್ಡವು. ಅವರ ಕೆಲಸವನ್ನು ಓದಿದವರಿಗೆ ಒಂದು ಊರ ಹೆಸರಿನಿಂದ ಸಾಮ್ರಾಜ್ಯ ಕಟ್ಟಬಾರದೆಂಬ ಎಚ್ಚರವೂ ಬರಬೇಕು.

ಈ ಕನ್ನಡ ಊರಿಗೆ ದಾಖಲಾದ ಇನ್ನೊಂದು ಚರಿತ್ರೆ ಇದೆ. 1818ರಲ್ಲಿ ಪೇಶ್ವೆಗಳ ಆಳ್ವಿಕೆ ಮುಗಿದ ಮೇಲೆ ಈ ಬೆಟ್ಟಗಳ ಭಿಲ್ಲರು ಇಂಗ್ಲಿಷರಿಗೆ ಬಗ್ಗಲಿಲ್ಲ. ಘಟ್ಟದ ದಾರಿ ಕಾಯುವ ಅವರ ಹಳೆಯ ಹಕ್ಕುಗಳು ಕಳೆದುಹೋಗಿದ್ದವು. ಸೈನ್ಯ ಕಳಿಸಿ ಸೋತ ಕಂಪನಿ ಸರಕಾರ 1825ರಲ್ಲಿ ಭಿಲ್ಲ ಏಜೆನ್ಸಿಗಳನ್ನು ತೆರೆಯಿತು. ದಕ್ಷಿಣದ ಏಜೆನ್ಸಿಯ ಕೇಂದ್ರ ಕನ್ನಡ. ಜೇಮ್ಸ್ ಔಟ್ರಮ್ ಎಂಬ ಯುವ ಅಧಿಕಾರಿ ಭಿಲ್ಲರನ್ನೇ ಸೇರಿಸಿ ಒಂದು ಪಡೆ ಕಟ್ಟಿದ. ಘಟ್ಟಕ್ಕೆ ಇಂದಿಗೂ ಅವನ ಹೆಸರು. ಯಾರ ಬೆಟ್ಟವೋ ಅವರ ಹೆಸರು ಮಾತ್ರ ಘಟ್ಟಕ್ಕಿಲ್ಲ.

ಅದೇ ಕಾಡಿನೊಳಗೆ ಪಿತಳಖೋರಾ ಗುಹೆಗಳಿವೆ, ಕ್ರಿಸ್ತಪೂರ್ವದ ಬೌದ್ಧ ವಿಹಾರಗಳು. ಪೈಠಣದ ಸುಗಂಧ ವ್ಯಾಪಾರಿ, ರಾಜವೈದ್ಯನ ಮಕ್ಕಳು ದಾನ ಕೊಟ್ಟದ್ದನ್ನು ಅಲ್ಲಿ ಕೊರೆದಿದ್ದಾರೆ. ಅಲ್ಲಿ ಸಿಕ್ಕ ಕುಳ್ಳ ಯಕ್ಷನೊಬ್ಬನ ಮೇಲೆ ಅದನ್ನು ಮಾಡಿದ ಅಕ್ಕಸಾಲಿಗ ಕೃಷ್ಣದಾಸನ ಹೆಸರಿದೆ. ಅಲ್ಲಿಂದ ಮುಂದೆ ಎಲ್ಲೋರಾ, ಇಲ್ಲಿಯವರ ಬಾಯಲ್ಲಿ ವೇರೂಳ. ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಕೈಲಾಸ ದೇಗುಲವನ್ನು ಮೇಲಿನಿಂದ ಕೆಳಕ್ಕೆ ಕಡೆದರು. ವಿನ್ಯಾಸದಲ್ಲಿ ಪಟ್ಟದಕಲ್ಲಿನ ವಿರೂಪಾಕ್ಷದ ನೆರಳಿದೆ, ಆ ವಿರೂಪಾಕ್ಷದಲ್ಲಿ ಕಂಚಿಯ ನೆರಳಿದೆ. ಅಷ್ಟು ದೂರ ನಡೆದು ಬಂದ ಕಲ್ಲುಕುಟಿಗರ ಮಾತೃಭಾಷೆ ಯಾವುದಿದ್ದರೂ ಉಳಿ ಹಿಡಿದ ಕೈ ವಲಸೆಯ ಕೈ.

ಇಲ್ಲಿಗೆ ಮೊದಲಿನ ಪ್ರಶ್ನೆ ಬರುತ್ತದೆ. ನಾಮಪುರದ ಹತ್ತಿರದ ಚಹಾದಂಗಡಿಯೊಂದರಲ್ಲಿ ವಯಸ್ಸಾದವರೊಬ್ಬರು ಎಲ್ಲಿಂದ ಬಂದಿರಿ ಭಾವು ಎಂದರು. ಪುಣೆಯಿಂದ ಕಾಕಾ ಎಂದೆ. ಅದು ಸರಿ, ಮೂಲಗಾಂವ ಯಾವುದು ಎಂದರು. ಮಹಾರಾಷ್ಟ್ರದ ಹಳ್ಳಿಯಲ್ಲಿ ಈ ಎರಡನೆಯ ಪ್ರಶ್ನೆ ತಪ್ಪಿದ್ದಲ್ಲ. ಹಾವೇರಿ ಕಡೆ, ಕರ್ನಾಟಕ ಎಂದೆ. ‘ಅಲ್ಲಿಯೂ ಈರುಳ್ಳಿ ಬೆಳೆಯುತ್ತೀರಲ್ಲ, ನಿಮ್ಮದು ಬೇಗ ಬಂದರೆ ನಮ್ಮ ದರ ಬೀಳುತ್ತದೆ’ ಎಂದು ನಕ್ಕರು. ಸಾವಿರದ ನಾಲ್ಕುನೂರು ವರ್ಷಗಳ ಹಿಂದಿನ ತಾಮ್ರಪಟಕ್ಕಿಂತ ಗಟ್ಟಿಯಾದ, ಇವತ್ತಿನ ಸಂಬಂಧ ಅದು.

ಪುಣೆಯ ಶಾಲೆಯಲ್ಲಿ ಓದುವ ನನ್ನ ಮಗಳು ಮನೆಯಲ್ಲಿ ಕನ್ನಡ, ಗೆಳತಿಯರ ಜೊತೆ ಮರಾಠಿ ಆಡುತ್ತಾಳೆ. ಅವಳಿಗೆ ಗೋದಾವರಿಯವರೆಗೆ ಎಲ್ಲ ನಮ್ಮದಾಗಿತ್ತು ಎಂದು ಕಲಿಸಿದರೆ ಇಂದು ಅವಳು ಇರುವ ಊರಿನಲ್ಲಿ ಅವಳನ್ನು ಹಳೆಯ ಮಾಲೀಕಳನ್ನಾಗಿಯೋ ಹೊಸ ಬಾಡಿಗೆದಾರಳನ್ನಾಗಿಯೋ ಮಾಡಿದಂತೆ. ಎರಡೂ ಅವಳಿಗೆ ಬೇಕಿಲ್ಲ. ಕವಿರಾಜಮಾರ್ಗ ಹೇಳಿದ ಎಲ್ಲೆ ಆ ಕಾಲಕ್ಕೆ ನಿಜ, ಹೆಮ್ಮೆಯೂ ಸಹಜ. ಆದರೆ ಲೋಹೋಣೇರದ ಪಟ, ಮಯೂರಖಂಡಿಯ ಜಗಳ, ರುದ್ರಕವಿಯ ವಂಶಾವಳಿ, ಪಾಟಣೆಯ ಎಣ್ಣೆ ಲೆಕ್ಕ ಇವೆಲ್ಲ ತೋರಿಸುವುದು ಒಂದನ್ನೇ: ಈ ನಾಡನ್ನು ಕಟ್ಟಿದ್ದು ಕಂಡಿ ದಾಟಿ ಬಂದವರು ಮತ್ತು ಅವರಿಗೆ ಜಾಗ ಕೊಟ್ಟವರು. ನಾವು ಮೊದಲನೆಯ ಗುಂಪಿನವರು. ನಮ್ಮ ಮಕ್ಕಳು ಎರಡನೆಯ ಗುಂಪಿಗೆ ಸೇರಿಯಾರು.

ಹೋಗಬೇಕೆನ್ನುವವರಿಗೆ ಎರಡು ಮಾತು. ಮಳೆ ನಿಂತ ಮೇಲೆ, ನವೆಂಬರಿನಿಂದ ಜನವರಿಯವರೆಗೆ ಹೋಗಿ. ಸಟಾಣಾದಲ್ಲಿ ಉಳಿದು ಮುಲ್ಹೇರ, ಸಾಲ್ಹೇರಕ್ಕೆ ಒಂದು ದಿನ ಇಡಿ, ಮಾಂಗೀ-ತುಂಗೀಗೆ ಇನ್ನೊಂದು. ಈರುಳ್ಳಿ ಟ್ರ್ಯಾಕ್ಟರಿನ ಹಿಂದೆ ತೀರ ಹತ್ತಿರ ಹೋಗಬೇಡಿ. ಮತ್ತು ಆರಮದ ದಡದಲ್ಲಿ ಗಿಡ್ಡ ಕಲ್ಲಿನ ಒಡ್ಡು ಕಂಡರೆ ಇಳಿದು ನೋಡಿ. ಅದಕ್ಕೆ ಫಲಕ ಇರುವುದಿಲ್ಲ.